ಇಪ್ಪತ್ತನೆಯ ವೀಕ್ಷಣೆ

ಹೊಟ್ಟೆಕಿಚ್ಚಿಗೆ ವಯಸ್ಸಿನ ಮಿತಿ ಇಲ್ಲ, ಕೆಲಸಕ್ಕೆ ಇದೆ. ಶಿಕ್ಷಕ ತರಬೇತಿಯವರು ಪಾಠ ಮಾಡಿ ಕಲಿಯುವ ಅಭ್ಯಾಸ ಶಾಲೆಯ ಮೂರನೇ ತರಗತಿಯ ಟೀಚರು ಆ ವರ್ಷ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಈ ಸಲದ ತರಬೇತಿಯವರಲ್ಲೇ ಒಬ್ಬರನ್ನು ತೆಗೆದುಕೊಳ್ಳುತ್ತೇವೆ, ಮೂವತ್ತೈದು ತುಂಬಿದವರು ದಯವಿಟ್ಟು ಅರ್ಜಿ ಹಾಕಬೇಡಿ ಎಂದು ಸೂಚನಾ ಫಲಕದಲ್ಲಿ ಚೀಟಿ ಅಂಟಿಸಿದ್ದರು. ಅತ್ತಿಗೆಗೆ ಮೂವತ್ತೈದು ತುಂಬಲು ಇನ್ನು ನಾಲ್ಕೇ ತಿಂಗಳಿತ್ತು. ನಾದಿನಿಗೆ ಇಪ್ಪತ್ತಮೂರು. ಇಬ್ಬರೂ ಒಂದೇ ಮನೆಯವರು, ಒಂದೇ ತರಬೇತಿಯವರು, ಒಂದೇ ಕೆಲಸದ ಮೇಲೆ ಕಣ್ಣಿಟ್ಟವರು. ಇದಕ್ಕಿಂತ ಹೆಚ್ಚಿನ ಉರುವಲು ಯಾವ ಒಲೆಗೂ ಬೇಕಾಗುವುದಿಲ್ಲ.

ಅದು ಹೆಣ್ಣುಮಕ್ಕಳ ಕಾಲೇಜು. ಸಾಹಿತ್ಯ, ತತ್ತ್ವಶಾಸ್ತ್ರ, ಸಂಗೀತ, ಚಿತ್ರಕಲೆ ಎಂದು ಹತ್ತಾರು ವಿಭಾಗಗಳು. ಸಾಹಿತ್ಯದವರು ಹುಲ್ಲಿನ ಮೇಲೆ ಕೂತು ಓದುತ್ತಿದ್ದರು, ತತ್ತ್ವಶಾಸ್ತ್ರದವರು ಹುಲ್ಲಿನ ಮೇಲೆ ಮಲಗಿ ಯೋಚಿಸುತ್ತಿದ್ದರು. ಗ್ರಂಥಾಲಯದ ಹಿಂದಿನ ಹಳೇ ಕಟ್ಟಡದಲ್ಲಿದ್ದ ಶಿಕ್ಷಕ ತರಬೇತಿಯವರಿಗೆ ಮಾತ್ರ ಹುಲ್ಲಿನ ಮೇಲೆ ಕೂರುವ ಪುರುಸೊತ್ತಿರಲಿಲ್ಲ. ಕಂಕುಳಲ್ಲಿ ಸುತ್ತಿದ ಚಾರ್ಟು, ಕೈಯಲ್ಲಿ ಬಣ್ಣದ ಸೀಮೆಸುಣ್ಣದ ಡಬ್ಬಿ ಹಿಡಿದು ಕಾಂಪೌಂಡಿನ ಆಚೆಗಿನ ಅಭ್ಯಾಸ ಶಾಲೆಗೆ ಓಡಬೇಕಿತ್ತು. ಉಳಿದವರು ಇವರಿಗೆ 'ಚಾಕ್‌ಪೀಸ್ ಪಾರ್ಟಿ' ಎಂದು ಹೆಸರಿಟ್ಟಿದ್ದರು. ಬೇರೆಯವರಿಗೆ ಆ ಹೆಸರು ಅವಮಾನ ಎನಿಸಿದರೆ, ಅತ್ತಿಗೆಗೆ ಹೆಮ್ಮೆ ಎನಿಸುತ್ತಿತ್ತು.

ಹೆಮ್ಮೆ ಪಡದೆ ಏನು ಮಾಡಿಯಾಳು? ಪದವಿ ಮುಗಿದ ವರ್ಷವೇ ಮದುವೆ, ಆಮೇಲೆ ಮಾವನ ಕಾಯಿಲೆ, ಆಮೇಲೆ ಮಗಳು. ಹನ್ನೊಂದು ವರ್ಷ 'ಮುಂದಿನ ವರ್ಷ' ಎನ್ನುವ ಮಾತನ್ನೇ ತಿಂದು ಬದುಕಿದವಳು. ಕೊನೆಗೊಂದು ದಿನ ಗಂಡನ ಮುಂದೆ ಅರ್ಜಿ ಇಟ್ಟು, "ಸೈನ್ ಹಾಕೋದು ಬೇಡ, ತಡೀದೇ ಇದ್ರೆ ಸಾಕು" ಅಂದಿದ್ದಳು. ಗಂಡ ತಡೆಯಲಿಲ್ಲ. ಮಗಳನ್ನೂ ಅದೇ ಅಭ್ಯಾಸ ಶಾಲೆಯ ಮೂರನೇ ತರಗತಿಗೆ ಸೇರಿಸಿದ್ದಾಯಿತು. ಎಲ್ಲ ಸುಸೂತ್ರವಾಗಿದೆ ಎನ್ನುವಾಗ, ಅರ್ಜಿಯ ಕೊನೆಯ ದಿನ, ಅದೇ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ ಮನೆಯಲ್ಲಿ ಕೂತಿದ್ದ ನಾದಿನಿ ಆಕಳಿಸುತ್ತಾ, "ಅತ್ತಿಗೆ, ನಂದೂ ಒಂದು ಹಾಕಿಬಿಡಿ. ಮನೇಲಿ ಬೋರು" ಅಂದಳು. ಹಸಿದವಳ ತಟ್ಟೆಗೆ ಹೊಟ್ಟೆ ತುಂಬಿದವಳು ಕೈ ಹಾಕಿದಂತಾಯಿತು. ಅತ್ತೆಯೇನೋ, "ಒಳ್ಳೇದಾಯ್ತು, ಬಸ್ಸಿಗೆ ಜೊತೆಯಾಯ್ತು" ಎಂದು ಖುಷಿಪಟ್ಟರು.

ತರಬೇತಿಯಲ್ಲಿ ಅತ್ತಿಗೆಗೆ 'ಸ್ಕೇಲಕ್ಕ' ಎಂದು ಅಡ್ಡಹೆಸರು ಬಿತ್ತು. ಅವಳ ಚೀಲದಲ್ಲಿ ಸದಾ ಒಂದು ಅಡಿ ಉದ್ದದ ಸ್ಕೇಲು ಇರುತ್ತಿತ್ತು. ಗೆರೆ ಎಳೆಯದೆ ಅವಳು ದಿನಸಿಯ ಪಟ್ಟಿಯನ್ನೂ ಬರೆದವಳಲ್ಲ. ಅವಳ ಪಾಠಯೋಜನೆಯಲ್ಲಿ ಪೀಠಿಕೆಗೆ ಐದು ನಿಮಿಷ, ವಿವರಣೆಗೆ ಇಪ್ಪತ್ತು, ಚಟುವಟಿಕೆಗೆ ಹತ್ತು, ಮೌಲ್ಯಮಾಪನಕ್ಕೆ ಐದು ಎಂದು ಬರೆದಿದ್ದರೆ ಗಂಟೆ ಹೊಡೆಯುವವನು ಅವಳ ಮುಖ ನೋಡಿ ಗಂಟೆ ಹೊಡೆಯಬಹುದಿತ್ತು. ನಾದಿನಿ 'ಗುಬ್ಬಿ'. ಚಾರ್ಟು ಮರೆತು ಬರುವಳು, ಕಪ್ಪುಹಲಗೆಯ ಮೇಲೆ ಅವಳ ಅಕ್ಷರ ಬೆಟ್ಟ ಹತ್ತುತ್ತಿತ್ತು, ಅವಳ ಪಾಠ ಮುಗಿಯುವ ಮೊದಲು ಗಂಟೆ ಮುಗಿಯುತ್ತಿತ್ತು. ಆದರೆ ಅವಳು ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಮಕ್ಕಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಂಬಿ ಬೆಳೆದವಳು ಅತ್ತಿಗೆ. ಈ ಹುಡುಗಿಯ ಕೈಗೆ ಕೆಸರೇ ಅಂಟುತ್ತಿರಲಿಲ್ಲ, ಬಾಯಿ ತುಂಬ ಮೊಸರು. ಇದನ್ನು ದಿನವೂ ನೋಡುವುದು ಸಣ್ಣ ಶಿಕ್ಷೆಯಲ್ಲ.

ಅದಕ್ಕೂ ಹೆಚ್ಚು ಉರಿದದ್ದು ಮನೆಯಲ್ಲಿ. ಮಗಳಿಗೆ ದಶಕ ಕಡ ತಂದು ಕಳೆಯುವ ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ. ಅತ್ತಿಗೆ ನಾಲ್ಕು ದಿನ ಬಣ್ಣದ ಕಡ್ಡಿಗಳ ಕಟ್ಟು ಮಾಡಿ, ಪುಸ್ತಕದಲ್ಲಿ ಹೇಳಿದ ಹಾಗೆಯೇ ಬಿಡಿಸಿ ತೋರಿಸಿದಳು. ಮಗಳು ಅತ್ತಳು. ಐದನೆಯ ದಿನ ಅಡುಗೆಮನೆಯಲ್ಲಿದ್ದಾಗ ಹೊರಗೆ ನಾದಿನಿಯ ದನಿ ಕೇಳಿತು: "ನೋಡು, ಈ ಎರಡಪ್ಪನ ಹತ್ರ ಏಳು ಇಲ್ಲ. ಪಾಪ, ಏನು ಮಾಡ್ತಾನೆ? ಪಕ್ಕದ ಮನೆ ಅಂಕಲ್ ಹತ್ರ ಹೋಗ್ತಾನೆ." ಹತ್ತು ನಿಮಿಷದಲ್ಲಿ ಮಗಳು ಕುಣಿಯುತ್ತಾ ಒಳಗೆ ಬಂದು, "ಅಮ್ಮಾ, ಅತ್ತೆ ಹೇಳ್ಕೊಟ್ರೆ ಎಷ್ಟು ಸುಲಭ! ನೀನ್ಯಾಕೆ ಹಾಗೆ ಹೇಳ್ಕೊಡಲ್ಲ?" ಎಂದಳು. ಅತ್ತಿಗೆ ಮಗಳ ತಲೆ ಸವರಿ, ಒಲೆಯ ಮೇಲಿನ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟಳು. ಹೊಟ್ಟೆಯಲ್ಲಿ ಹುಟ್ಟಿದ್ದೂ ತನ್ನದಾಗಿ ಉಳಿಯಲಿಲ್ಲವಲ್ಲ ಎಂದು ಅವಳಿಗೆ ಆ ಕ್ಷಣ ನಿಜವಾಗಿಯೂ ಅನ್ನಿಸಿತು. ಇದು ಅತಿಯಾಯಿತೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೆ ಉರಿ ಆರುತ್ತದೆಯೇ?

ಆ ತರಬೇತಿಯಲ್ಲಿ ಜೋಡಿ ಎನ್ನುವ ಪದ್ಧತಿ ಒಂದಿತ್ತು. ಇಬ್ಬಿಬ್ಬರನ್ನು ಜೋಡಿ ಮಾಡುತ್ತಿದ್ದರು. ಒಬ್ಬಳು ಪಾಠ ಮಾಡುವಾಗ ಇನ್ನೊಬ್ಬಳು ಹಿಂದಿನ ಬೆಂಚಿನಲ್ಲಿ ಕೂತು, ಕಂಡದ್ದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕು. ವರ್ಷಕ್ಕೆ ಇಪ್ಪತ್ತು ವೀಕ್ಷಣೆ. ಪುಸ್ತಕದ ಪುಟಗಳಿಗೆ ಸಂಖ್ಯೆ, ಪ್ರತಿ ಪುಟಕ್ಕೂ ಕಾಲೇಜಿನ ಮೊಹರು. ಹಾಳೆ ಹರಿಯುವಂತಿಲ್ಲ, ಪೆನ್ಸಿಲ್ಲಿನಲ್ಲಿ ಬರೆಯುವಂತಿಲ್ಲ. ಬರೆದದ್ದನ್ನು ಪಾಠ ಮಾಡಿದವಳು ಓದಿ ಕೆಳಗೆ ಸಹಿ ಹಾಕಬೇಕು. ಬೋಧನಾ ವಿಧಾನ ಕಲಿಸುತ್ತಿದ್ದ 'ಮೆಥಡ್ ಮೇಡಂ' ಮೊದಲ ದಿನವೇ, "ನೀವಿಬ್ರೂ ಒಂದೇ ಮನೆ, ಒಂದೇ ಬಸ್ಸು. ನೀವೇ ಜೋಡಿ" ಎಂದು ಎರಡು ಪುಸ್ತಕ ಕೊಟ್ಟು ಕೈ ತೊಳೆದುಕೊಂಡಿದ್ದರು.

ಉಳಿದ ಜೋಡಿಗಳು ಬುದ್ಧಿವಂತರು. ಹಿಂದಿನ ದಿನ ಪಾಠಯೋಜನೆ ಕೈಗೆ ಬರುತ್ತಿತ್ತಲ್ಲ, ಅದನ್ನು ನೋಡಿಕೊಂಡು ಆಗಲೇ ವೀಕ್ಷಣೆ ಬರೆದಿಟ್ಟು, ಪಾಠದ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಈ ಕೆಲಸ ಅತ್ತಿಗೆಗೆ ಅಸಹ್ಯ. ಅವಳು ಕೈಗಡಿಯಾರ ಬಿಚ್ಚಿ ಬೆಂಚಿನ ಮೇಲಿಟ್ಟುಕೊಂಡು ನಿಮಿಷ ನಿಮಿಷಕ್ಕೂ ಬರೆಯುತ್ತಿದ್ದಳು. 'ಹಲಗೆಯ ಮೇಲಿನ ಸಾಲುಗಳು ವಾರೆ.' 'ಎಡಗಡೆಯ ಮಕ್ಕಳಿಗೆ ಮಾತ್ರ ಪ್ರಶ್ನೆ.' 'ಉಪಕರಣ ತಂದಿಲ್ಲ.' 'ಗಂಟೆಯೊಳಗೆ ಪಾಠ ಮುಗಿದಿಲ್ಲ.' ಹತ್ತೊಂಬತ್ತು ವೀಕ್ಷಣೆಗಳಲ್ಲಿ ಒಂದೂ ಸುಳ್ಳಿರಲಿಲ್ಲ. ತಪ್ಪನ್ನು ಹುಡುಕುವಾಗ ಸಿಗುತ್ತಿದ್ದ ಸುಖವನ್ನು ಮಾತ್ರ ಅವಳು ಎಲ್ಲೂ ಬರೆಯಲಿಲ್ಲ. ನಾದಿನಿ ಪ್ರತಿಸಲ ಓದಿ, ತುಟಿ ಕಚ್ಚಿ, "ಸರಿ ಅತ್ತಿಗೆ" ಎಂದು ಸಹಿ ಹಾಕುತ್ತಿದ್ದಳು.

ಇಪ್ಪತ್ತನೆಯದು ಟೀಕಾ ಪಾಠ. ತರಬೇತಿಯ ಉಳಿದ ಇಪ್ಪತ್ತಮೂರು ಜನರೂ ಹಿಂದೆ ಕೂತು ನೋಡುವ ಕೊನೆಯ ಪಾಠ ಅದು. ಅದರ ವೀಕ್ಷಣೆಯನ್ನು ಜೋಡಿಯವಳು ಸಭೆಯಲ್ಲಿ ನಿಂತು ಓದಬೇಕು, ಪುಸ್ತಕ ಅಲ್ಲಿಂದ ಅಭ್ಯಾಸ ಶಾಲೆಯ ಹೆಡ್ ಮೇಡಂ ಮೇಜಿಗೆ ಹೋಗಬೇಕು. ಕೆಲಸ ಯಾರಿಗೆ ಎಂದು ತೀರ್ಮಾನಿಸುವವರು ಅವರೇ. ಅರ್ಜಿ ಹಾಕಿದ್ದು ಏಳು ಜನ. ಅದರಲ್ಲಿ ಲೆಕ್ಕಕ್ಕೆ ಬರುವವರು ಸ್ಕೇಲಕ್ಕ ಮತ್ತು ಗುಬ್ಬಿ ಎಂದು ಅಟೆಂಡರಿಗೂ ಗೊತ್ತಿತ್ತು.

ಅತ್ತಿಗೆಯ ಪಾಠ ಬುಧವಾರ. ಭಿನ್ನರಾಶಿ. ಕಾಲು, ಅರ್ಧ, ಮುಕ್ಕಾಲು ತೋರಿಸಲು ರಟ್ಟಿನ ಚಕ್ರಗಳು, ಹಲಗೆಯ ಮೇಲೆ ಅಚ್ಚೊತ್ತಿದಂಥ ಅಕ್ಷರ. ಮೌಲ್ಯಮಾಪನದ ಕೊನೆಯ ಪ್ರಶ್ನೆಗೂ ಗಂಟೆಗೂ ನಡುವೆ ಒಂದು ಉಸಿರಿನಷ್ಟೇ ಅಂತರ. ಮಕ್ಕಳು ಕೈಕಟ್ಟಿ ಕೂತಿದ್ದರು. ಇಪ್ಪತ್ತೆಂಟನೇ ನಿಮಿಷದಲ್ಲಿ ಮೂರನೇ ಸಾಲಿನ ಹುಡುಗಿಯೊಬ್ಬಳು ಬಾಯಿ ಅಗಲಿಸಿ ಆಕಳಿಸಿದಳು. ಅದು ಸ್ವಂತ ಮಗಳು.

ಹೆಡ್ ಮೇಡಂ ಹೊರಗೆ ಬಂದು, "ತುಂಬಾ ಅಚ್ಚುಕಟ್ಟು. ಒಂದು ತಪ್ಪು ಹುಡುಕೋಕೂ ಆಗಲ್ಲ" ಎಂದರು. ಅತ್ತಿಗೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟಕ್ಕೇ ಸುಮ್ಮನಾಗಿದ್ದರೆ ಹೆಡ್ ಮೇಡಮ್ಮಿನ ಗಂಟೇನು ಹೋಗುತ್ತಿತ್ತು? ಎರಡು ಹೆಜ್ಜೆ ನಡೆದು ತಿರುಗಿ, "ನಾಳೆ ನಿಮ್ಮ ನಾದಿನೀದಲ್ವಾ? ಮಕ್ಕಳು ಬೆಳಗ್ಗೆಯಿಂದ ಅದನ್ನೇ ಕೇಳ್ತಾ ಇದ್ದಾರೆ" ಎಂದು ನಕ್ಕರು.

ಹಾಲು ಅಲ್ಲೇ ಒಡೆಯಿತು.

ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಹಿಡಿದು ಹೊರಗೆ ಹೋದರು. ತರಬೇತಿಯ ಕೋಣೆಯಲ್ಲಿ ಅತ್ತಿಗೆ ಒಬ್ಬಳೇ. ಮೇಲಿನ ಮಹಡಿಯ ಸಂಗೀತದ ಕೋಣೆಯಿಂದ ಯಾರೋ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪಾಗಿ ಹಾಡುವುದು ಕೇಳುತ್ತಿತ್ತು, ಅದರ ನಡುವೆ ನಾದಿನಿಯ ನಗು. ಅವಳ ಹಳೇ ಗೆಳತಿಯರೆಲ್ಲ ಅಲ್ಲಿದ್ದರು. ನಾಳೆ ಟೀಕಾ ಪಾಠ ಇಟ್ಟುಕೊಂಡು ನಗುತ್ತಿದ್ದಾಳೆ! ಮೇಜಿನ ಮೇಲೆ ಅವಳು ಕೊಟ್ಟುಹೋದ ಪಾಠಯೋಜನೆ: 'ವಿಷಯ: ನೆರಳು.' ಮುಕ್ಕಾಲು ಪುಟ ಮಾತ್ರ. ಉಪಕರಣದ ಸಾಲಿನಲ್ಲಿ 'ಬಿಸಿಲು' ಎಂದು ಬರೆದಿದ್ದಳು.

ಬಿಸಿಲು ಉಪಕರಣವಂತೆ. ತಾನು ರಟ್ಟು ಕತ್ತರಿಸಿ ಕತ್ತರಿಸಿ ಹೆಬ್ಬೆರಳಿಗೆ ಬೊಬ್ಬೆ ಬರಿಸಿಕೊಂಡಿದ್ದೇನೆ, ಇವಳು ಪುಕ್ಕಟೆ ಬಿಸಿಲನ್ನು ಉಪಕರಣ ಅನ್ನುತ್ತಾಳೆ, ಕೆಲಸವೂ ಇವಳಿಗೇ ಸಿಗುತ್ತದೆ. ಇಪ್ಪತ್ತಮೂರು ವರ್ಷದವಳಿಗೆ ಮುಂದೆ ಹನ್ನೆರಡು ವರ್ಷ ಇದೆ, ನನಗೆ ನಾಲ್ಕು ತಿಂಗಳು. ಅತ್ತಿಗೆ ವೀಕ್ಷಣಾ ಪುಸ್ತಕ ತೆರೆದಳು. ಹೇಗಿದ್ದರೂ ನಾಳೆ ಬರೆಯುವುದು ಇದನ್ನೇ ತಾನೇ? ಹತ್ತೊಂಬತ್ತು ಸಲ ಆದದ್ದು ಇಪ್ಪತ್ತನೆಯ ಸಲ ಆಗದೆ ಇರುತ್ತದೆಯೇ? ಸ್ಕೇಲು ಇಟ್ಟು ಗೆರೆ ಎಳೆದಳು. ಬರೆದಳು: 'ಬೋಧನೋಪಕರಣಗಳಿಲ್ಲ. ಕಪ್ಪುಹಲಗೆಯ ಬಳಕೆ ಅಸ್ತವ್ಯಸ್ತ. ತರಗತಿಯ ಮೇಲೆ ಹಿಡಿತವಿಲ್ಲ. ಹಿಂದಿನ ಸಾಲಿನ ಮಕ್ಕಳು ಮಾತಿನಲ್ಲಿ ತೊಡಗಿದ್ದರು. ಮೌಲ್ಯಮಾಪನಕ್ಕೆ ಮೊದಲೇ ಗಂಟೆ ಹೊಡೆಯಿತು. ಮಕ್ಕಳನ್ನು ನಗಿಸುವುದೇ ಬೋಧನೆ ಎಂಬ ತಪ್ಪು ತಿಳಿವಳಿಕೆ ಕಾಣುತ್ತದೆ. ಸ್ವತಂತ್ರವಾಗಿ ತರಗತಿ ವಹಿಸಿಕೊಳ್ಳಲು ಇನ್ನೂ ಸಿದ್ಧಳಿಲ್ಲ.' ಎಷ್ಟೋ ತಿಂಗಳ ಮೇಲೆ ಅವಳು ಅಂದು ಹೊಟ್ಟೆ ತುಂಬ ಊಟ ಮಾಡಿದಳು.

ಮರುದಿನ ಒಳ್ಳೇ ಬಿಸಿಲಿತ್ತು. ಬಿಸಿಲೂ ನಾದಿನಿಯ ಪಕ್ಷವೇ.

ಅವಳು ಒಳಗೆ ಬಂದವಳೇ ಒಂದು ಕಿಟಕಿ ಬಿಟ್ಟು ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿಸಿದಳು. ಸುಣ್ಣ ಬಳಿದ ಗೋಡೆಯ ಮೇಲೆ ಬೆಳಕಿನ ಒಂದು ಚೌಕ ಉಳಿಯಿತು. ತರಗತಿಯಲ್ಲೇ ಅತಿ ಕುಳ್ಳಗಿನ ಹುಡುಗನನ್ನು ಕರೆದು ಆ ಬೆಳಕಿನಲ್ಲಿ ನಿಲ್ಲಿಸಿ, "ಈಗ ನಿನ್ನ ನೆರಳನ್ನ ಬಿಟ್ಟು ಓಡು ನೋಡೋಣ" ಎಂದಳು. ಹುಡುಗ ಓಡಿದ, ಜಿಗಿದ, ಕೂತ, ಕೊನೆಗೆ ಸೋತು ನಕ್ಕ. ಮಕ್ಕಳು ನಕ್ಕರು. ನಗು ಎರಡು ಕ್ಷಣ ಇದ್ದು, ಅವಳು ಕೈ ಎತ್ತಿದೊಡನೆ ನಿಂತಿತು. ಅತ್ತಿಗೆ ಗಡಿಯಾರ ನೋಡಿದಳು. ಪೀಠಿಕೆಗೆ ಸರಿಯಾಗಿ ಐದು ನಿಮಿಷ ಆಗಿತ್ತು.

ನಾದಿನಿ ಹಲಗೆಯ ಹತ್ತಿರ ಹೋಗಿ ಮೊದಲು ಸ್ಕೇಲಿಟ್ಟು ತೆಳುವಾಗಿ ಗೆರೆ ಎಳೆದಳು, ಆಮೇಲೆ ಬರೆದಳು. ಸಾಲು ನೆಟ್ಟಗಿತ್ತು. ಪ್ರಶ್ನೆ ಎಡಕ್ಕೊಂದು, ಬಲಕ್ಕೊಂದು, ಹಿಂದಿನ ಸಾಲಿಗೆ ಎರಡು. ತಪ್ಪು ಉತ್ತರ ಹೇಳಿದ ಹುಡುಗಿಯನ್ನು ಕೂರಿಸುವ ಮೊದಲು ಅವಳಿಂದಲೇ ಸರಿ ಉತ್ತರ ಹೇಳಿಸಿದಳು. ಅದು ಹದಿಮೂರನೆಯ ವೀಕ್ಷಣೆಯ ಟೀಕೆ. ಹಲಗೆಗೆ ಅಡ್ಡ ನಿಲ್ಲಲಿಲ್ಲ, ಅದು ಏಳನೆಯದು. ಹತ್ತೊಂಬತ್ತು ಸಲ ಅತ್ತಿಗೆ ಎತ್ತಿ ಆಡಿದ ತಪ್ಪುಗಳನ್ನು ಈ ಹುಡುಗಿ ಒಂದೊಂದಾಗಿ ಮನೆಗೆ ಹೊತ್ತುಕೊಂಡು ಹೋಗಿ ತಿದ್ದಿಕೊಂಡಿದ್ದಳು. ಕಲಿಸಿದವಳು ಯಾರು? ಹೊಟ್ಟೆ ಉರಿದು ಉರಿದು, ನಿಮಿಷ ಲೆಕ್ಕ ಹಾಕಿ, ಇವಳಿಗೆ ಒಂದು ವರ್ಷ ಪುಕ್ಕಟೆ ಪಾಠ ಹೇಳಿದವಳು ಅತ್ತಿಗೆಯೇ. ಆ ಅರಿವಿನಲ್ಲಿ ಸಂತೋಷ ಎಳ್ಳಷ್ಟೂ ಇರಲಿಲ್ಲ. ಕೊಟ್ಟದ್ದನ್ನೆಲ್ಲ ವಾಪಸು ಕಿತ್ತುಕೊಳ್ಳಬೇಕು ಎನ್ನಿಸಿತು.

"ನಮ್ಮ ನೆರಳು ನಮಗಿಂತ ಉದ್ದ ಆಗೋದು ಯಾವಾಗ?" ನಾದಿನಿ ಕೇಳಿದಳು.

ಮಕ್ಕಳು ಯೋಚಿಸುತ್ತಾ ಕೂತರು. ಕೋಣೆಯಲ್ಲಿ ಸದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಅದು ತನ್ನದೇ ಕೈ ಎಂದು ಅತ್ತಿಗೆಗೆ ತಿಳಿದದ್ದು ಪಕ್ಕದವಳು ಕಿಸಕ್ಕೆಂದು ನಕ್ಕಾಗ. ಉರಿದುಕೊಳ್ಳುತ್ತಲೇ ಅವಳು ಪಾಠ ಕೇಳುತ್ತಾ ಕೂತುಬಿಟ್ಟಿದ್ದಳು. ಕೈಯನ್ನು ಹಾಗೇ ತಲೆಗೆ ಒಯ್ದು ಕೂದಲು ಸರಿಮಾಡಿಕೊಂಡಳು. ನಾದಿನಿ ಕಂಡೂ ಕಾಣದವಳಂತೆ ಮೂರನೇ ಸಾಲಿನ ಹುಡುಗಿಯ ಕಡೆ ತಿರುಗಿದಳು. ಆ ಹುಡುಗಿ ಅತ್ತಿಗೆಯ ಮಗಳು. ಮಗಳು ಎದ್ದು ನಿಂತು, "ಬೆಳಗ್ಗೆ, ಮತ್ತೆ ಸಾಯಂಕಾಲ. ಸೂರ್ಯ ಕೆಳಗಿರೋವಾಗ" ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ಮೌಲ್ಯಮಾಪನ ಮುಗಿದು, ಕಿಟಕಿಗಳನ್ನೆಲ್ಲ ತೆರೆಸಿಯಾದ ಮೇಲೆ ಗಂಟೆ ಹೊಡೆಯಿತು.

ಸಭೆ ಸೇರಿತು. ಮೆಥಡ್ ಮೇಡಂ ಕುರ್ಚಿಯಲ್ಲಿ ಕೂತು, "ಹೂಂ, ಜೋಡಿ ಓದಲಿ" ಎಂದರು.

ಅತ್ತಿಗೆ ಎದ್ದು ಪುಸ್ತಕ ತೆರೆದಳು. 'ತರಗತಿಯ ಮೇಲೆ ಹಿಡಿತವಿಲ್ಲ' ಎನ್ನುವ ಸಾಲು ಅವಳನ್ನೇ ನೋಡುತ್ತಿತ್ತು. ಸುತ್ತ ಕೂತ ಇಪ್ಪತ್ತೆರಡು ಜನ ಈಗಷ್ಟೇ ಆ ಪಾಠ ನೋಡಿ ಬಂದವರು. ಇದನ್ನು ಓದಿದರೆ ಛೀ ಎನ್ನುತ್ತಾರೆ. ಅವಳು ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದಳು. ಐದನೇ ನಿಮಿಷಕ್ಕೆ ಪೀಠಿಕೆ ಮುಗಿಯಿತು. ಹನ್ನೊಂದನೇ ನಿಮಿಷದಲ್ಲಿ ಬಿಸಿಲಿನ ಚೌಕ ಸರಿದದ್ದನ್ನು ಮಕ್ಕಳೇ ಗುರುತಿಸುವಂತೆ ಮಾಡಲಾಯಿತು. ತಪ್ಪು ಉತ್ತರವನ್ನು ಹೀಗೆ ತಿದ್ದಲಾಯಿತು, ಮೌನವನ್ನು ಹೀಗೆ ಕಾಯಲಾಯಿತು. ಒಂದು ನಿಮಿಷವೂ ಅವಳಿಗೆ ಮರೆತಿರಲಿಲ್ಲ. ಹೊಟ್ಟೆಕಿಚ್ಚಿನಷ್ಟು ಗಮನವಿಟ್ಟು ನೋಡುವ ಕಣ್ಣು ಪ್ರೀತಿಗೂ ಇರಲಾರದು. ಅವಳು ಸತ್ಯವನ್ನೇ ಹೇಳಿದಳು, ಆದರೆ ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಮಾನ ಹೋಗುತ್ತದೆಂಬ ಹೆದರಿಕೆಯಿಂದ. ಮುಗಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಾದಿನಿ ಕೆಂಪಗಾಗಿ ನೆಲ ನೋಡುತ್ತಿದ್ದಳು. ಒಂದು ವರ್ಷದಲ್ಲಿ ಅತ್ತಿಗೆಯ ಬಾಯಿಂದ ಅವಳು ಕೇಳಿದ ಮೊದಲ ಹೊಗಳಿಕೆ ಅದು.

"ಇಷ್ಟು ಒಳ್ಳೇ ವೀಕ್ಷಣೆ ನಾನು ಕೇಳೇ ಇಲ್ಲ. ಮುಂದಿನ ಬ್ಯಾಚಿಗೆ ತೋರಿಸ್ತೀನಿ. ಕೊಡು ಇಲ್ಲಿ" ಎಂದು ಮೆಥಡ್ ಮೇಡಂ ಕೈ ಚಾಚಿದರು.

"ಮೇಡಂ, ಅವಸರದಲ್ಲಿ ಬರೆದಿದ್ದೀನಿ. ನೀಟಾಗಿ ಬರೆದು ನಾಳೆ..."

"ನಿನ್ನ ಪುಸ್ತಕ ನೀಟಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೇ?"

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಅತ್ತಿಗೆ ಪುಸ್ತಕವನ್ನು ಎದೆಗೆ ಅವಚಿಕೊಂಡಳು. ಮೇಡಮ್ಮಿನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಕೊಡದೆ ವಿಧಿಯಿರಲಿಲ್ಲ.

ಮೇಡಂ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ; ಮೂವತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕೂತವರ ಮುಖ ಅದು. "ಎಲ್ಲರೂ ಟೀಗೆ ಹೋಗಿ. ನೀವಿಬ್ರೂ ಇರಿ" ಎಂದರು.

ಕೋಣೆ ಖಾಲಿಯಾದ ಮೇಲೆ ಕೇಳಿದರು: "ನೀನು ಓದಿದ್ದು ಯಾವ ಪುಸ್ತಕದಿಂದ?"

ಅತ್ತಿಗೆ ಚೀಲದ ಪಟ್ಟಿಯನ್ನು ನೆಟ್ಟಗೆ ಮಾಡಿಕೊಂಡಳು.

"ಮೇಲೆ ತಾರೀಖು ನಿನ್ನೆದೇ ಹಾಕಿದ್ದೀಯ. ಅಷ್ಟರಮಟ್ಟಿಗೆ ಪ್ರಾಮಾಣಿಕಳು." ಮೇಡಂ ಪುಸ್ತಕವನ್ನು ಮೇಜಿನ ಮೇಲಿಟ್ಟು ತಿರುಗಿಸಿದರು. ನಾದಿನಿ ನಿಂತಲ್ಲಿಂದಲೇ ಓದಿದಳು. ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವಳ ಮುಖದ ಕೆಂಪು ಇಳಿದುಹೋಗಿತ್ತು.

"ಬಾಯಲ್ಲಿ ಹೇಳಿದ್ದು ನನಗೆ ಲೆಕ್ಕಕ್ಕಿಲ್ಲ. ಹೆಡ್ ಮೇಡಂ ಓದೋದು ಬರೆದದ್ದನ್ನ" ಎಂದರು ಮೆಥಡ್ ಮೇಡಂ. "ಇದೇ ಹೋಗಲಿ ಅಂದ್ರೆ ಹೋಗುತ್ತೆ, ಇವಳು ಸಹಿ ಹಾಕಿದ್ರೆ. ಇಲ್ಲಾ ಅಂದ್ರೆ ಹೊಡೆದುಹಾಕಿ ಕೆಳಗೆ ಬೇರೆ ಬರಿ. ಆದ್ರೆ ಹೊಡೆದುಹಾಕಿದ ಕಡೆ ಕಾರಣ ಬರೀಬೇಕು. ಅದು ನನ್ನ ನಿಯಮ ಅಲ್ಲ, ಪುಸ್ತಕದ ನಿಯಮ."

ಕಾರಣ. 'ಅವಸರ' ಎಂದು ಬರೆಯಬಹುದಿತ್ತು. 'ಕಣ್ತಪ್ಪು' ಎಂದರೆ ಇನ್ನೂ ಮರ್ಯಾದೆ. 'ಎಲ್ಲರೂ ಮೊದಲೇ ಬರೆಯುತ್ತಾರೆ' ಎಂದರಂತೂ ನಿಜವೇ. ಅತ್ತಿಗೆ ನಾದಿನಿಯ ಕಡೆ ನೋಡಿದಳು. ಒಂದು ಮಾತು, ಒಂದು ಬೈಗುಳ ಬಂದಿದ್ದರೂ ಅದನ್ನು ಹಿಡಿದುಕೊಂಡು ಜಗಳಕ್ಕೆ ನಿಲ್ಲಬಹುದಿತ್ತು. ಅವಳು ಬರಿದೇ ನಿಂತಿದ್ದಳು, ಹತ್ತೊಂಬತ್ತು ಸಲ ನಿಂತ ಹಾಗೆಯೇ, ತುಟಿ ಕಚ್ಚಿಕೊಂಡು. ಇವಳು ನನ್ನ ಮಾತನ್ನು ಇಷ್ಟು ದಿನ ನಂಬಿದ್ದಳು ಎಂದು ಅತ್ತಿಗೆಗೆ ಹೊಳೆದದ್ದು ಆಗ. ನಂಬದಿದ್ದರೆ ತಿದ್ದಿಕೊಳ್ಳುತ್ತಿದ್ದಳೇ?

ಚೀಲದಿಂದ ಸ್ಕೇಲು ತೆಗೆದಳು. ಬರೆದಿದ್ದ ಒಂದೊಂದು ಸಾಲಿನ ಮೇಲೂ ಗೆರೆ ಎಳೆದಳು. ಹೊಡೆದುಹಾಕುವುದೂ ಅಚ್ಚುಕಟ್ಟಾಗಿಯೇ. ಅಂಚಿನಲ್ಲಿ 'ಕಾರಣ' ಎಂದು ಬರೆದು, ಎದುರಿಗೆ ಒಂದೇ ಪದ ಬರೆದಳು: 'ಹೊಟ್ಟೆಕಿಚ್ಚು.'

ಬರೆದ ಮೇಲೆ ಅದನ್ನು ಹೆಡ್ ಮೇಡಂ ಓದುತ್ತಾರೆ ಎನ್ನುವುದು ನೆನಪಾಯಿತು. ಹನ್ನೊಂದು ವರ್ಷದ ಆಸೆ ಆ ಒಂದು ಪದಕ್ಕೆ ಬಲಿಯಾಯಿತು. ಇಷ್ಟಾದರೂ ಹೊಟ್ಟೆಯೊಳಗಿನದು ತಣ್ಣಗಾಯಿತೇ ಎಂದರೆ, ಇಲ್ಲ. ಆ ಪದದ ಕೆಳಗೆ ನಾದಿನಿಯ ಪಾಠದ ನಲವತ್ತು ನಿಮಿಷವನ್ನೂ ಒಂದೂ ಬಿಡದೆ ಬರೆಯುವಾಗ ಪ್ರತಿ ಸಾಲಿಗೂ ಅದು ಉರಿಯುತ್ತಲೇ ಇತ್ತು. ಅವಳು ಬರೆದಳು. ಕೊನೆಯಲ್ಲಿ, 'ಸ್ವತಂತ್ರವಾಗಿ ತರಗತಿ ವಹಿಸಿಕೊಳ್ಳಲು ಸಿದ್ಧಳಿದ್ದಾಳೆ' ಎಂದು ಬರೆದು ಪೆನ್ನು ಮುಚ್ಚಿದಳು.

ನಾದಿನಿ ಪೂರ್ತಿ ಓದಿ ಸಹಿ ಹಾಕಿದಳು. "ನನ್ನ ಮೇಲೆ ನಿಮಗೆ ಹೊಟ್ಟೆಕಿಚ್ಚಿದೆ ಅಂತ ಗೊತ್ತಿತ್ತು ಅತ್ತಿಗೆ," ಎಂದಳು. "ಆದ್ರೂ ಪುಸ್ತಕದಲ್ಲಿ ಸುಳ್ಳು ಬರೆಯಲ್ಲ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಹೊರಟುಹೋದಳು.

ಆ ಸಂಜೆ ನಾದಿನಿ ಮೊದಲಿನ ಬಸ್ಸಿಗೇ ಅತ್ತಿಗೆಯ ಮಗಳನ್ನೂ ಕರೆದುಕೊಂಡು ಹೋಗಿದ್ದಳು. ಅತ್ತಿಗೆ ಎರಡನೆಯ ಬಸ್ಸಿನಲ್ಲಿ ಒಬ್ಬಳೇ ಬಂದಳು. ಅತ್ತೆ ಬಾಗಿಲಲ್ಲೇ, "ಇದೇನು, ಒಬ್ಬೊಬ್ರೇ ಬರ್ತಾ ಇದ್ದೀರ?" ಎಂದರು. ಅತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಾದಿನಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮಗಳು ಹೋಂವರ್ಕಿನ ಪುಸ್ತಕ ಹರಡಿಕೊಂಡಿದ್ದಳು.

"ಅಮ್ಮಾ, ಅತ್ತೆ ಪಾಠಕ್ಕೆ ನೀನು ಏನು ಬರ್ದೆ?"

ನಾದಿನಿ ತಲೆ ಎತ್ತಲಿಲ್ಲ. ಅತ್ತಿಗೆ ಚೀಲ ಕೆಳಗಿಟ್ಟಳು.

"ಮೊದಲು ಸುಳ್ಳು ಬರೆದಿದ್ದೆ. ಆಮೇಲೆ ಹೊಡೆದುಹಾಕಿ ಸರಿಯಾಗಿ ಬರೆದೆ."

"ನಾನು ಹೊಡೆದುಹಾಕಿ ಬರೆದ್ರೆ ಅರ್ಧ ಮಾರ್ಕು ಕಟ್ ಅಂತೀಯಲ್ಲ! ಹಾಗಾದ್ರೆ ನಿಂಗೂ ಅರ್ಧ ಕಟ್. ಅಲ್ವಾ ಅತ್ತೆ?"

ನಾದಿನಿ ಹೋಂವರ್ಕಿನ ಪುಸ್ತಕದ ಒಂದು ಪುಟ ತಿರುಗಿಸಿದಳು. "ಅರ್ಧ ಅಲ್ಲ," ಎಂದಳು ಆಮೇಲೆ. "ನಿಮ್ಮಮ್ಮಂಗೆ ಪೂರ್ತಿ ಕಟ್."

ಮಗಳು ಖುಷಿಯಿಂದ ಕೈ ತಟ್ಟಿ, ಬಿಡಿಸಲಾಗದ ಲೆಕ್ಕವೊಂದನ್ನು ಎತ್ತಿಕೊಂಡು ನಾದಿನಿಯ ಮಗ್ಗುಲಿಗೇ ಹೋಗಿ ಅಂಟಿ ಕೂತಳು. ಅತ್ತಿಗೆಗೆ ಒಳಗೆ ಮತ್ತೆ ಚುರುಗುಟ್ಟಿತು. ಅಡುಗೆಮನೆಗೆ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟವಳು ನಿಂತಳು, ತಿರುಗಿ ಬಂದು ಅವರಿಬ್ಬರ ಎದುರು ನೆಲದ ಮೇಲೆ ಕೂತಳು.

"ನಂಗೂ ಹೇಳ್ಕೊಡು," ಎಂದಳು.

ನಾದಿನಿ ಪುಸ್ತಕವನ್ನು ಇವಳ ಕಡೆ ತಿರುಗಿಸಲಿಲ್ಲ. ಆದರೆ ಇವಳಿಗೂ ಕೇಳಿಸುವಷ್ಟು ಜೋರಾಗಿ ಲೆಕ್ಕ ಹೇಳಿಕೊಡತೊಡಗಿದಳು.